‘ಡಂಕಿ’ ನೋಡಿದ ಮೇಲೆ

ರಾಜಕುಮಾರ್ ಹಿರಾನಿಯವರ ‘ಡಂಕಿ’ (2023) ಚಿತ್ರವನ್ನು ನಾವು ಮನೆಮಂದಿಯೆಲ್ಲ ಕೂಡಿ ನೋಡಿದೆವು. ಲಂಡನ್ ವೀಸಾಕ್ಕಾಗಿ ಪಂಜಾಬಿನ ಗೆಳೆಯರು ಬೋಮನ್ ಇರಾನಿಯವರ ಇಂಗ್ಲಿಷ್ ತರಗತಿಯಲ್ಲಿ ಪಡುವ ಪಾಡಿಗೆ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ವೀಸಾ ಸಿಗದ ಸುಖಿ ಬೆಂಕಿ ಹಚ್ಚಿಕೊಂಡಾಗ ಗಂಟಲು ಕಟ್ಟಿತು. ವಿಕಿ ಕೌಶಲರ ಅಭಿನಯಕ್ಕೆ ಎರಡು ಮಾತಿಲ್ಲ.

ಆದರೆ ಇದು 1995ರ ಕಥೆ. ಇಂಗ್ಲಿಷ್ ಬಂದರೆ ಅರ್ಧ ಬಾಗಿಲು ತೆರೆದಂತೆ. ಇಂದು ಓದಲು ಹೊರಟ ನಮ್ಮ ಮಕ್ಕಳಿಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ (ಕನ್ನಡದ ಮಾತು ಬೇರೆ!). ಅವರನ್ನು ಕಂಗೆಡಿಸುವುದು ನಡುವೆಯೇ ಬದಲಾಗುವ ನಿಯಮ. ಪದವಿಯ ನಂತರ ಎರಡು ವರ್ಷ ದುಡಿಯುವ ಅವಕಾಶವನ್ನು ಬ್ರಿಟನ್ 2012ರಲ್ಲಿ ಕಿತ್ತುಕೊಂಡಿತು, 2021ರಲ್ಲಿ ಮರಳಿ ಕೊಟ್ಟಿತು, 2025ರಲ್ಲಿ ಹದಿನೆಂಟು ತಿಂಗಳಿಗೆ ಇಳಿಸುವುದಾಗಿ ಸಾರಿತು. ವಿದ್ಯಾರ್ಥಿಯು ಖರ್ಚಿಗೆಂದು ತೋರಿಸಬೇಕಾದ ಹಣವನ್ನು ಕೆನಡಾ 2024ರ ಜನವರಿಯಲ್ಲಿ 10,000 ಡಾಲರಿನಿಂದ ಒಮ್ಮೆಗೇ 20,635ಕ್ಕೆ ಏರಿಸಿತು. ಮನೆ ಅಡವಿಟ್ಟ ತಂದೆ ಈ ಲೆಕ್ಕವನ್ನು ಯಾವ ತರಗತಿಯಲ್ಲಿ ಕಲಿಯಬೇಕು?

ಚಿತ್ರ ಇಪ್ಪತ್ತೈದು ವರ್ಷ ಮುಂದೆ ಬಂದರೂ ಈ ಕಡೆ ನೋಡುವುದಿಲ್ಲ, ತವರಿನ ಹಂಬಲದಲ್ಲಿ ಕಣ್ಣೊರೆಸಿಕೊಂಡು ಮುಗಿಯುತ್ತದೆ. ಊರು ಬಿಟ್ಟು ಬಂದ ನಮಗೆ ಆ ಹಂಬಲ ಹೊಸದಲ್ಲ. ನಿಯಮ ಬದಲಾದ ದಿನ ಸಾಲದ ಕಂತು ಎಣಿಸುತ್ತ ಕುಳಿತ ಒಬ್ಬ ವಿದ್ಯಾರ್ಥಿಯನ್ನಾದರೂ ಹಿರಾನಿ ತೋರಿಸಬಹುದಿತ್ತು.