ಹಿಂಬದಿಯ ಹಲಗೆ

ನೀರಿಗಿಳಿದ ಮೇಲೆ ದೇಹದ ಭಾರವನ್ನು ಸಮುದ್ರವೇ ಹೊತ್ತುಕೊಳ್ಳುವುದರಿಂದ, ನೆಲದ ಮೇಲೆ ಗಾಲಿಕುರ್ಚಿಯಿಲ್ಲದೆ ಚಲಿಸಲಾರದವನೂ ಅಲ್ಲಿ ಕೈಗಳ ಮೃದುವಾದ ಬೀಸಿನಿಂದಲೇ ಮೀನಿಗೆ ನೆರೆಯವನಾಗಬಲ್ಲನು. 1981ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಅಂಗವಿಕಲರಿಗೆ ಮುಳುಗುವಿದ್ಯೆ ಕಲಿಸಲೆಂದು ಜಿಮ್ ಗ್ಯಾಟಕ್ರೆ ಸ್ಥಾಪಿಸಿದ ಹ್ಯಾಂಡಿಕ್ಯಾಪ್ಡ್ ಸ್ಕೂಬಾ ಅಸೋಸಿಯೇಷನ್ (ಹೆಸರು ಇಂದಿನ ಕಿವಿಗೆ ಒರಟಾದರೂ ಕಾರ್ಯವು ಒರಟಲ್ಲ) ಈ ಸತ್ಯವನ್ನೇ ನಂಬಿ ಹೊರಟಿತು. ಆದರೆ ಸಮುದ್ರದ ಈ ಔದಾರ್ಯ ಎಲ್ಲ ದೋಣಿಗಳಿಗೂ ಇಲ್ಲ.

ಇಳಿಯುವುದು ಸುಲಭ, ಅಂಚಿನಲ್ಲಿ ಕುಳಿತು ಹಿಂದಕ್ಕೆ ಉರುಳಿದರಾಯಿತು. ಮೇಲೇರುವುದೇ ಕಷ್ಟ. ಸುಮಾರು 15 ಕಿಲೋಗ್ರಾಂ ತೂಗುವ ಸಿಲಿಂಡರನ್ನು ನೀರಿನಲ್ಲಿಯೇ ಕಳಚಿಕೊಟ್ಟು, ತೂಗಾಡುವ ಏಣಿಯ ಬಳಿ ಇಬ್ಬರ ತೋಳಿಗೆ ಸಿಕ್ಕಿ, ಬಲೆಯ ಮೀನಿನಂತೆ ಎಳೆಯಲ್ಪಡುವುದು ಯಾರ ಘನತೆಗೂ ಶೋಭಿಸುವುದಲ್ಲ. ಇದಕ್ಕೆ ಉತ್ತರವಾಗಿ ದೋಣಿಯ ಹಿಂಬದಿಗೆ ಜೋಡಿಸಿದ ಹೈಡ್ರಾಲಿಕ್ ಹಲಗೆಯನ್ನು ನಾನು ಶಿಲ್ಪವೆಂದೇ ಕರೆಯುವೆನು: ತೈಲದ ಒತ್ತಡದಿಂದ ಅದು ಅಲೆಯ ಕೆಳಗೆ ಇಳಿಯುವುದು, ಮುಳುಗುಗಾರನು ಅದರ ಮೇಲೆ ತೇಲಿಬಂದು ಕುಳಿತೊಡನೆ ಮೆಲ್ಲನೆ ಏರುವುದು, ಏರುವಾಗ ರಂಧ್ರಗಳಿಂದ ನೀರು ಸೋರಿಹೋಗುವುದು.

ಇದಕ್ಕಿಂತಲೂ ಸೂಕ್ಷ್ಮವಾದುದು ಪಕ್ಕದ ಆಸನದ ಮೆತ್ತೆ. ಸ್ಪರ್ಶಜ್ಞಾನವಳಿದ ಕಾಲು ಬಿಸಿಲಿಗೆ ಕಾದ ದೋಣಿಯ ಅಟ್ಟದ ಸುಡುವಿಕೆಯನ್ನಾಗಲಿ, ತರಚಿದ ಗಾಯವನ್ನಾಗಲಿ ಅರಿಯದೆಂಬುದನ್ನು ನೆನೆದು ಮೆತ್ತೆ ಹಾಸಿದವನ ಕಲ್ಪನಾಶಕ್ತಿ ಸಾಮಾನ್ಯವಾದುದಲ್ಲ. ಹೊಸ್ತಿಲಿಲ್ಲದ ಸಮತಲದಲ್ಲಿ, ಪಟ್ಟಿಯಿಂದ ಬಿಗಿದ ಗಾಲಿಕುರ್ಚಿಯು ಬಿಟ್ಟಲ್ಲಿಯೇ ಕಾದಿರುವುದು.