‘ನಾವು ಗೆದ್ದೆವು’ ಅನ್ನುವಾಗಿನ ‘ನಾವು’

ದೊಡ್ಡ ಆಟವೊಂದು ದೇಶಕ್ಕೆ ಬರುತ್ತದೆ ಅಂದ ಕೂಡಲೇ ನಮ್ಮ ಮಂತ್ರಿಗಳ ಬಾಯಿಗೂ ಪತ್ರಿಕೆಗಳ ತಲೆಬರಹಕ್ಕೂ ಒಂದೇ ಮಾತು ಬಂದು ಕೂರುತ್ತದೆ: ಜಗತ್ತು ನಮ್ಮನ್ನು ನೋಡುತ್ತಿದೆ. 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ಸಿಕ್ಕಿದೆ. 2036ರ ಒಲಿಂಪಿಕ್ಸಿಗೂ ಅರ್ಜಿ ಹೋಗಿದೆ. ‘ರಾಷ್ಟ್ರದ ಆತ್ಮವಿಶ್ವಾಸ’ ಅನ್ನುವ ಪದ ಮತ್ತೆ ಚಲಾವಣೆಗೆ ಬಂದಿದೆ. ನೆಂಟರು ಬರುತ್ತಾರೆ ಅಂತ ಮನೆಗೆ ಸುಣ್ಣ ಬಳಿಯುವುದನ್ನು ನಾವು ತಪ್ಪು ಅನ್ನುವುದಿಲ್ಲ. ಸುಣ್ಣ ಬಳಿದವನನ್ನು ನೆಂಟರು ಬರುವ ಹೊತ್ತಿಗೆ ಹಿತ್ತಿಲ ಬಾಗಿಲಿನಿಂದ ಆಚೆ ಕಳಿಸುತ್ತಾರಲ್ಲ, ನಮ್ಮ ತಕರಾರು ಅಲ್ಲಿದೆ.

ಶ್ರವಣಬೆಳಗೊಳದ ಸುತ್ತಿನವರಾದ ನಮಗೆ ಜಗತ್ತು ಬಂದು ನೋಡುವುದು ಹೊಸದೇನಲ್ಲ. 1981ರ ಫೆಬ್ರವರಿಯಲ್ಲಿ ಗೊಮ್ಮಟನಿಗೆ ಸಾವಿರ ವರ್ಷ ತುಂಬಿತೆಂದು ಮಹಾಮಸ್ತಕಾಭಿಷೇಕ ನಡೆದಾಗ ಪ್ರಧಾನಿ ಇಂದಿರಾ ಗಾಂಧಿ ಹೆಲಿಕಾಪ್ಟರಿನಿಂದ ಹೂ ಸುರಿದರು. ಮಾರನೆಯ ವರ್ಷ, 1982ರ ನವೆಂಬರ್ 19ಕ್ಕೆ, ಅದೇ ಪ್ರಭುತ್ವ ದೆಹಲಿಯಲ್ಲಿ ಏಷ್ಯಾಡ್ ನಡೆಸಿತು. ಅಪ್ಪು ಅನ್ನುವ ಆನೆಮರಿ, ಬಣ್ಣದ ಟಿ.ವಿ., ಫ್ಲೈಓವರುಗಳು. ಮೂರನೇ ಜಗತ್ತಿನ ಬಡ ದೇಶ ತಲೆಯೆತ್ತಿ ನಿಂತಿತು ಅಂದರು. ನಿಂತಿತು, ಸರಿ. ಯಾರ ಹೆಗಲ ಮೇಲೆ?

ಇದಕ್ಕೆ ಉತ್ತರ ಸುಪ್ರೀಂ ಕೋರ್ಟಿನ ಕಡತದಲ್ಲೇ ಇದೆ. ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಸಂಘಟನೆ ನ್ಯಾಯಮೂರ್ತಿ ಪಿ.ಎನ್. ಭಗವತಿಯವರಿಗೆ ಬರೆದ ಕಾಗದವೇ ಅರ್ಜಿಯಾಯಿತು. ಏಷ್ಯಾಡ್ ಕಟ್ಟಡಗಳಲ್ಲಿ ಕಲ್ಲು ಮಣ್ಣು ಹೊತ್ತವರಿಗೆ ದಿನಕ್ಕೆ 9 ರೂಪಾಯಿ 25 ಪೈಸೆ ಕನಿಷ್ಠ ಕೂಲಿ ಸಿಗಬೇಕಿತ್ತು. ಆಳುಗಳನ್ನು ಕರೆತಂದ ಜಮಾದಾರ ಅದರಲ್ಲಿ ತಲೆಗೆ ಒಂದು ರೂಪಾಯಿ ಮುರಿದುಕೊಳ್ಳುತ್ತಿದ್ದ. ಹೆಣ್ಣಾಳಿಗೆ ಸಿಗುತ್ತಿದ್ದದ್ದು 7 ರೂಪಾಯಿ. ಹದಿನಾಲ್ಕು ತುಂಬದ ಮಕ್ಕಳೂ ಕೆಲಸದಲ್ಲಿದ್ದರು ಎಂದು ಅರ್ಜಿ ಹೇಳಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಿಟ್ಟಿ ದುಡಿಮೆಯೇ ಎಂದು ಕೋರ್ಟು 1982ರ ಸೆಪ್ಟೆಂಬರ್ 18ರಂದು ತೀರ್ಪು ಕೊಟ್ಟಿತು. ಜೀತದ ಬಗ್ಗೆ ಇವತ್ತಿಗೂ ನಾವು ಕೈಯಲ್ಲಿ ಹಿಡಿದು ಓಡಾಡುವ ತೀರ್ಪು ಅದು. ರಾಷ್ಟ್ರದ ಹೆಮ್ಮೆಗಾಗಿ ಕಟ್ಟಿದ ಕ್ರೀಡಾಂಗಣದ ಪಾಯದಲ್ಲಿ ಜೀತ ಸಿಕ್ಕಿತು! ಏಷ್ಯಾಡಿನ ನೆನಪು ಬಂದರೆ ಜನ ಹಾಕಿ ಫೈನಲಿನಲ್ಲಿ ಪಾಕಿಸ್ತಾನದ ಎದುರು 7–1ರಲ್ಲಿ ಸೋತ ಅವಮಾನ ಹೇಳುತ್ತಾರೆ. ಈ ಅವಮಾನ ಯಾರಿಗೂ ನೆನಪಿಲ್ಲ.

2010ರ ದೆಹಲಿ ಕಾಮನ್‌ವೆಲ್ತ್ ಕೂಟ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಆಗ ಮುಟ್ಟಿದ್ದು ಕೂಲಿಯನ್ನಷ್ಟೇ ಅಲ್ಲ. ಪರಿಶಿಷ್ಟ ಜಾತಿಯವರ ಏಳಿಗೆಗೆಂದು ಎತ್ತಿಟ್ಟ ವಿಶೇಷ ಘಟಕ ಯೋಜನೆಯ ಹಣದಲ್ಲಿ ಸುಮಾರು 700 ಕೋಟಿ ರೂಪಾಯಿಯನ್ನು ದೆಹಲಿ ಸರ್ಕಾರ ಕೂಟದ ಲೆಕ್ಕಕ್ಕೆ ತಿರುಗಿಸಿತ್ತು. ಕೇಂದ್ರದ ಗೃಹಮಂತ್ರಿ ಇದು ತಪ್ಪೆಂದು ರಾಜ್ಯಸಭೆಯಲ್ಲೇ ಒಪ್ಪಬೇಕಾಯಿತು. ಹಾಸ್ಟೆಲಿನ ಹುಡುಗರ ತಟ್ಟೆಯಿಂದ ಎತ್ತಿದ ಅನ್ನದಲ್ಲಿ ಪರದೇಶಿ ಅತಿಥಿಗಳಿಗೆ ಊಟ ಬಡಿಸಿದ ಹಾಗೆ. (ನಮ್ಮ ರಾಜ್ಯದಲ್ಲಿ 2013ರಲ್ಲಿ ಇಂಥ ಹಣಕ್ಕೆ ಕಾಯ್ದೆಯ ಬೇಲಿ ಹಾಕಿದರು. ಬೇಲಿಯಲ್ಲೇ 7ಡಿ ಅಂತ ಒಂದು ಕಂಡಿ ಬಿಟ್ಟರು. ಅದನ್ನು ಮುಚ್ಚುವುದಕ್ಕೆ 2023 ಬರಬೇಕಾಯಿತು.)

ಹಾಗಂತ ಆಟವೇ ಮೋಸ ಅಂತ ನಾವು ಹೇಳಲಾರೆವು. 1996ರ ಮಾರ್ಚ್ 9, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ, ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್. ಬೌಂಡರಿ ಹೊಡೆದು ಬ್ಯಾಟು ತೋರಿಸಿ ಕೆಣಕಿದ ಆಮಿರ್ ಸೊಹೇಲನ ಸ್ಟಂಪನ್ನು ಮುಂದಿನ ಚೆಂಡಿಗೇ ವೆಂಕಟೇಶ ಪ್ರಸಾದ್ ಎಗರಿಸಿದಾಗ ಕೇರಿಯ ಟಿ.ವಿ. ಮುಂದೆಯೂ ಜನ ಎದ್ದು ಕುಣಿದರು. ಪ್ರಸಾದ್, ಕುಂಬ್ಳೆ, ಶ್ರೀನಾಥ್ ಮೂವರೂ ನಮ್ಮ ನಾಡಿನವರು. ಮೈಸೂರಿನಲ್ಲಿ ಬೆಳೆದರೂ ಶ್ರೀನಾಥ್ ಹೊತ್ತದ್ದು ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿನ ಹೆಸರು. 39 ರನ್ನಿನ ಗೆಲುವು. ಆ ಕುಣಿತ ಸುಳ್ಳಲ್ಲ. ದಿನವಿಡೀ ಬಗ್ಗಿ ದುಡಿದ ಬೆನ್ನು ಒಂದು ರಾತ್ರಿ ನೆಟ್ಟಗಾದರೆ ಅದನ್ನು ಹೀಯಾಳಿಸುವ ಪಂಡಿತರ ಗುಂಪಿಗೆ ನಾವು ಸೇರುವುದಿಲ್ಲ.

ಆದರೆ ನಾಲ್ಕೇ ದಿನಕ್ಕೆ, ಮಾರ್ಚ್ 13ರಂದು, ಕಲ್ಕತ್ತೆಯ ಸೆಮಿಫೈನಲಿನಲ್ಲಿ ಶ್ರೀಲಂಕಾದ ಎದುರು ವಿಕೆಟ್ಟುಗಳು ಉದುರತೊಡಗಿದವು. ಬಾಟಲಿ ತೂರಿದರು, ಆಸನಗಳ ನಡುವೆ ಬೆಂಕಿ ಹಚ್ಚಿದರು. ಆಟ ನಿಲ್ಲಿಸಿ ಶ್ರೀಲಂಕಾಕ್ಕೆ ಗೆಲುವು ಕೊಡಬೇಕಾಯಿತು. ಗೆದ್ದರೆ ‘ನಾವು’, ಸೋತರೆ ‘ಅವರು’. ಎಂಟು ವಿಕೆಟ್ಟು ಬಿದ್ದರೆ ಸುಟ್ಟುಹೋಗುವಂಥದ್ದು ಅದೆಂಥ ಆತ್ಮವಿಶ್ವಾಸ ಕಣ್ರೀ? ಬೇರೆಯವರ ಕಣ್ಣಲ್ಲಿ ನಮ್ಮನ್ನು ನಾವು ಅಳೆದುಕೊಂಡದ್ದಕ್ಕೆ ಹೀಗಾಗುತ್ತದೆ. ನಮ್ಮವರನ್ನೇ ನಾವು ನಂಬಿದ್ದರೆ ಹೀಗೆ ಆಗುತ್ತಿರಲಿಲ್ಲ.

ನಮ್ಮವರನ್ನು ನಂಬದಿದ್ದದ್ದಕ್ಕೆ ಹಳೆಯ ಸಾಕ್ಷಿಯೂ ಕನ್ನಡ ನೆಲದಲ್ಲೇ ಹುಟ್ಟಿತ್ತು. ಪಾಲ್ವಂಕರ್ ಬಾಳೂ ಧಾರವಾಡದಲ್ಲಿ ಹುಟ್ಟಿದ ಚಮ್ಮಾರರ ಮಗ. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನ ಪಿಚ್ಚಿಗೆ ರೋಲರ್ ಎಳೆಯುತ್ತಾ, ನೆಟ್ ಕಟ್ಟುತ್ತಾ, ದೊರೆಗಳಿಗೆ ಚೆಂಡೆಸೆದೇ ಬೌಲರ್ ಆದ. ಬ್ಯಾಟು ಹಿಡಿಯುವುದಕ್ಕೆ ಬಿಡುತ್ತಿರಲಿಲ್ಲ. ಹಿಂದೂಗಳ ತಂಡಕ್ಕೆ ಸೇರಿದ ಮೇಲೂ ಟೀ ಕೊಟ್ಟದ್ದು ಪೆವಿಲಿಯನ್ನಿನ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ಅದೇ ಬಾಳೂ ಇದ್ದ ಹಿಂದೂ ತಂಡ 1906ರಲ್ಲಿ ಮುಂಬಯಿಯಲ್ಲಿ ಯುರೋಪಿಯನ್ನರನ್ನು ಸೋಲಿಸಿದಾಗ ದೇಶಾಭಿಮಾನಿಗಳು ಮೀಸೆ ತಿರುವಿದರು. 1911ರಲ್ಲಿ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತು ಬಂದ. ನಾಯಕತ್ವ ಮಾತ್ರ ಆತನಿಗೆ ಸಿಗಲಿಲ್ಲ. ತಮ್ಮ ವಿಠ್ಠಲನಿಗೆ ಸಿಕ್ಕಿದ್ದು 1923ರಲ್ಲಿ. ಚೆಂಡಿಗೆ ಮೈಲಿಗೆಯಿಲ್ಲ, ಕುಡಿಕೆಗೆ ಇದೆ. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸು ಇದೇ ಬಾಳೂವನ್ನು ಅಂಬೇಡ್ಕರ್ ಎದುರಿಗೆ ನಿಲ್ಲಿಸಿತು, ಸೋತ. ಅದರ ಕಥೆ ಬೇರೆಯೇ ಬರೆಯಬೇಕು.

ಬೆಳಗೊಳದ ಬೆಟ್ಟದ ಮೇಲೆ ಗೊಮ್ಮಟನ ಎದುರಿಗೆ ಗುಳ್ಳಕಾಯಜ್ಜಿಯ ವಿಗ್ರಹವಿದೆ. ಚಾವುಂಡರಾಯ ಕೊಡಗಟ್ಟಲೆ ಸುರಿಸಿದ ಹಾಲು ಗೊಮ್ಮಟನ ತೊಡೆಯಿಂದ ಕೆಳಕ್ಕೆ ಇಳಿಯಲಿಲ್ಲವಂತೆ. ಮುದುಕಿ ಗುಳ್ಳಕಾಯಿಯ ಓಡಿನಲ್ಲಿ ತಂದ ಒಂದಿಷ್ಟು ಹಾಲು ಪಾದ ಮುಟ್ಟಿತಂತೆ. ಜನ ಕಟ್ಟಿದ ಈ ಕಥೆಯಲ್ಲಿ ಮಂತ್ರಿಯ ಗರ್ವಭಂಗವಿದೆ. ಆಮೇಲಿನವರು, ಆಕೆ ಮುದುಕಿಯಲ್ಲ, ವೇಷ ಹಾಕಿ ಬಂದ ದೇವಿ ಅಂದುಬಿಟ್ಟರು. ಬರೀ ಬಡ ಮುದುಕಿಗೆ ಅಷ್ಟು ಶಕ್ತಿ ಇದ್ದೀತು ಎಂದು ನಂಬಲು ಅವರಿಗೆ ಆಗಲಿಲ್ಲ. ಇವತ್ತಿಗೂ ಆ ಆರುನೂರು ಚಿಲ್ಲರೆ ಮೆಟ್ಟಿಲುಗಳ ಮೇಲೆ ನಡೆಯಲಾರದವರನ್ನು ಡೋಲಿಯಲ್ಲಿ ಹೊತ್ತು ಹತ್ತಿಸುವವರಿದ್ದಾರೆ. ಪಟದಲ್ಲಿ ಗೊಮ್ಮಟ ಇರುತ್ತಾನೆ, ಅವರಿರುವುದಿಲ್ಲ.

2030ಕ್ಕೆ ಇನ್ನೂ ಹೊತ್ತಿದೆ. ಹಳ್ಳಿಯ ಮೇಷ್ಟರುಗಳು ತಮ್ಮ ಶಾಲೆಗೆ ಆಟದ ಬಯಲು ಇದೆಯೋ, ಇದ್ದದ್ದನ್ನು ಯಾರಾದರೂ ಒತ್ತಿಕೊಂಡಿದ್ದಾರೋ, ಕೇರಿಯ ಮಕ್ಕಳು ಅಲ್ಲಿಗೆ ಬರುತ್ತಾರೋ ಅಂತ ಮೊದಲು ಬರೆದಿಡಲಿ. ವಿದ್ಯಾರ್ಥಿ ಗೆಳೆಯರು ಕೂಟದ ಕಾಮಗಾರಿಯ ಕೂಲಿಯ ಲೆಕ್ಕವನ್ನೂ ಪರಿಶಿಷ್ಟರ ಯೋಜನೆಯ ಹಣದ ಲೆಕ್ಕವನ್ನೂ ಈಗಿನಿಂದಲೇ ಕೇಳತೊಡಗಲಿ. 2010ರ ಆ ವಂಚನೆ ಬಯಲಾದದ್ದು ಮಾಹಿತಿ ಹಕ್ಕಿನ ಅರ್ಜಿಯಿಂದ. ಕೇಂದ್ರ ಸರ್ಕಾರಕ್ಕೆ ಹಾಕುವ ಅರ್ಜಿಯ ಶುಲ್ಕ ಹತ್ತು ರೂಪಾಯಿ.