‘ಕ್ವೋ ವಾಡಿಸ್’ : ಕಾದಂಬರಿಯ ಧ್ವನಿ, ಚಲಚ್ಚಿತ್ರದ ವಾಚ್ಯ

ಅಮೆರಿಕದ ಮೆಟ್ರೋ-ಗೋಲ್ಡ್‌ವಿನ್-ಮೇಯರ್ ಸಂಸ್ಥೆಯು 1951ರಲ್ಲಿ ತೆರೆಗೆ ತಂದ ‘ಕ್ವೋ ವಾಡಿಸ್’ ಚಲಚ್ಚಿತ್ರವನ್ನು ಕೊಂಡಾಡುವವರು ಅದರ ವೈಭವವನ್ನೇ ಕೊಂಡಾಡುತ್ತಾರೆ; ತೆಗಳುವವರೂ ಆ ವೈಭವವನ್ನೇ ತೆಗಳುತ್ತಾರೆ. ಉರಿಯುವ ನಗರ, ಹಸಿದ ಸಿಂಹಗಳು, ಲೆಕ್ಕಕ್ಕೆ ಸಿಕ್ಕದ ಜನಜಂಗುಳಿ, ಮೂರು ಗಂಟೆಗೆ ಸಮೀಪವಾದ ಅವಧಿ—ಇವೆಲ್ಲ ಸರಿಯೆ. ಆದರೆ ಈ ಚಿತ್ರದ ನಿಜವಾದ ಗುಣದೋಷಗಳು ಅಲ್ಲಿಲ್ಲವೆಂದು ನನಗೆ ತೋರುತ್ತದೆ. ಅದರ ಮೂಲವಾದ ಪೋಲಿಷ್ ಕಾದಂಬರಿಯೊಡನೆ ಇಟ್ಟು ನೋಡಿದಾಗಲೇ ಏನು ಉಳಿಯಿತು, ಏನು ಕಳೆದುಹೋಯಿತು ಎಂಬುದು ಗೊತ್ತಾಗುವುದು.

ಕಥೆ ಸರಳ. ನೀರೋ ಚಕ್ರವರ್ತಿಯ ಕಾಲದಲ್ಲಿ ಮಾರ್ಕಸ್ ವಿನೀಸಿಯಸ್ ಎಂಬ ದಂಡನಾಯಕನು ಯುದ್ಧ ಮುಗಿಸಿಕೊಂಡು ರೋಮಿಗೆ ಬರುತ್ತಾನೆ. ಅಲ್ಲಿ ಒತ್ತೆಯಾಳಾಗಿ ಬೆಳೆದ ಲಿಗಿಯಾ ಎಂಬ ಪರನಾಡಿನ ರಾಜಕುಮಾರಿಯಲ್ಲಿ ಅನುರಕ್ತನಾಗುತ್ತಾನೆ. ಆಕೆ ಕ್ರೈಸ್ತಳು, ಆಕೆಯ ಬೆಂಗಾವಲಿಗೆ ಉರ್ಸುಸ್ ಎಂಬ ಮಹಾಬಲನಿದ್ದಾನೆ. ರೋಮ್ ಉರಿಯುತ್ತದೆ, ಅಪರಾಧವನ್ನು ಕ್ರೈಸ್ತರ ತಲೆಗೆ ಕಟ್ಟಲಾಗುತ್ತದೆ, ರಂಗಸ್ಥಳದಲ್ಲಿ ಉರ್ಸುಸನು ಗೂಳಿಯ ಕತ್ತನ್ನು ಮುರಿದು ಲಿಗಿಯಾಳನ್ನು ಉಳಿಸುತ್ತಾನೆ.

ಈ ಕಥೆಯನ್ನು ಬರೆದ ಹೆನ್ರಿಕ್ ಶೆಂಕ್ಯೇವಿಚ್ 1846ರಲ್ಲಿ ಹುಟ್ಟಿದವನು. ಆಗ ಪೋಲೆಂಡ್ ಎಂಬ ರಾಷ್ಟ್ರ ಭೂಪಟದಲ್ಲಿರಲಿಲ್ಲ. ರಷ್ಯ, ಪ್ರಷ್ಯ, ಆಸ್ಟ್ರಿಯಗಳು ಅದನ್ನು ಹಂಚಿಕೊಂಡಿದ್ದವು. ಆತನು ವಾರ್ಸಾದ ವಿದ್ಯಾಪೀಠದಲ್ಲಿ ಓದುತ್ತಿದ್ದಾಗಲೇ, 1869ರಲ್ಲಿ, ಅದು ರಷ್ಯನ್ ವಿಶ್ವವಿದ್ಯಾಲಯವಾಗಿ ಮಾರ್ಪಟ್ಟಿತು. ‘ಕ್ವೋ ವಾಡಿಸ್’ 1895ರಿಂದ ಧಾರಾವಾಹಿಯಾಗಿ ಬಂದಾಗ ವಾರ್ಸಾ, ಕ್ರಾಕೋ, ಪೋಜ್ನಾನ್ ಮೂರೂ ಊರುಗಳ ಪತ್ರಿಕೆಗಳು ಅದನ್ನು ಜೊತೆಜೊತೆಯಾಗಿ ಅಚ್ಚುಮಾಡಿದವು. ಮೂರು ಊರೆಂದರೆ ಮೂರು ಸಾಮ್ರಾಜ್ಯ. ಮೂರು ದೊರೆತನಗಳಲ್ಲಿ ಚದರಿಹೋದ ಜನ ಒಂದೇ ಭಾಷೆಯಲ್ಲಿ ಒಂದೇ ಕಥೆಯನ್ನು ಓದಿದರು. ಗಡಿಯಾಚೆ ಕುಳಿತು ಕನ್ನಡ ಪತ್ರಿಕೆಯ ದಾರಿ ಕಾಯುವ ನಮ್ಮಂಥವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಾರ್ಸಾದಲ್ಲಿ ಅಚ್ಚಾಗುವ ಪ್ರತಿಯೊಂದು ಪುಟವೂ ಜಾರ್ ದೊರೆಯ ಪರೀಕ್ಷಾಧಿಕಾರಿಗಳ ಕಣ್ಣನ್ನು ಹಾಯ್ದು ಬರಬೇಕಾಗಿತ್ತು. ಆದ್ದರಿಂದ ಹೇಳಬೇಕಾದುದನ್ನು ವಾಚ್ಯವಾಗಿ ಹೇಳುವಂತಿರಲಿಲ್ಲ, ಧ್ವನಿಯೊಂದೇ ದಾರಿ. ಲಿಗಿಯಾಳ ಹೆಸರನ್ನೇ ನೋಡಿರಿ. ಅದು ಆಕೆಯ ಜನಾಂಗದ ಹೆಸರು. ಸ್ವಂತ ಹೆಸರು ಬೇರೆ ಇದೆ. ರೋಮನ್ ಇತಿಹಾಸಕಾರ ಟ್ಯಾಸಿಟಸನು ಹೆಸರಿಸಿರುವ ಲೂಗಿ ಎಂಬ ಜನವನ್ನು ಆಧರಿಸಿ ಕಾದಂಬರಿಕಾರನು ಈ ಲಿಗಿಯನ್ನರನ್ನು ಕಲ್ಪಿಸಿದ್ದಾನೆ. ಆ ಜನದ ನೆಲೆ ಓಡರ್-ವಿಸ್ಟುಲಾ ನದಿಗಳ ಸೀಮೆ, ಎಂದರೆ ಮುಂದಿನ ಪೋಲೆಂಡ್. ಒತ್ತೆಯಾಳಾಗಿ ಪರರ ಅರಮನೆ ಸೇರಿದ ಹುಡುಗಿ ಯಾರೆಂಬುದು ಪೋಲಿಷ್ ವಾಚಕನಿಗೆ ತಟ್ಟನೆ ಹೊಳೆಯುತ್ತಿತ್ತು. ರಂಗಸ್ಥಳಕ್ಕೆ ನುಗ್ಗುವ ಪ್ರಾಣಿಯೂ ಸಾಮಾನ್ಯ ಗೂಳಿಯಲ್ಲ, ಜರ್ಮನಿಯ ಕಾಡಿನ ದೈತ್ಯವೃಷಭ. ಲಿಗಿಯಾಳನ್ನು ಅದರ ಕೊಂಬುಗಳಿಗೇ ಬಿಗಿದಿರುತ್ತದೆ. ಪ್ರಷ್ಯದ ಆಳ್ವಿಕೆಯಲ್ಲಿದ್ದ ಪೋಜ್ನಾನಿನ ವಾಚಕನು ಈ ಭಾಗವನ್ನು ಬರಿಯ ಸಾಹಸದ ಕಥೆಯೆಂದು ಓದಿಯಾನೆ?

ಪಂಪನು ಅರಿಕೇಸರಿಯನ್ನು ಅರ್ಜುನನೊಡನೆ ಹೊಂದಿಸಿ ಹೇಳಿದ ರೀತಿ ನಮಗೆ ಪರಿಚಿತವೇ ಇದೆ. ಅಲ್ಲಿ ಕವಿ ತನ್ನ ದೊರೆಗಾಗಿ ಪುರಾಣವನ್ನು ಎರಡರ್ಥವಾಗಿಸಿದನು. ಇಲ್ಲಿ ದೊರೆಯೇ ಇಲ್ಲದ ಜನಕ್ಕಾಗಿ ಕಾದಂಬರಿಕಾರನು ಅನ್ಯರ ಇತಿಹಾಸವನ್ನು ಎರಡರ್ಥವಾಗಿಸಿದ್ದಾನೆ. ಎರಡನೆಯದು ಹೆಚ್ಚು ಕಷ್ಟದ ಕೆಲಸವೆಂಬುದು ನನ್ನ ಮತ.

ಇದು ವಿಮರ್ಶಕರು ಅನಂತರ ಹೊಸೆದ ಅರ್ಥವೆಂದು ಯಾರಾದರೂ ಆಕ್ಷೇಪಿಸಬಹುದು. ಅಂಥವರು ಕಾದಂಬರಿಕಾರನ ಮುಂದಿನ ನಡತೆಯನ್ನು ಗಮನಿಸಬೇಕು. 1901ರಲ್ಲಿ ಪ್ರಷ್ಯದ ವಶದಲ್ಲಿದ್ದ ವ್ರೆಶ್ನ್ಯಾ ಎಂಬ ಊರಿನ ಶಾಲೆಯಲ್ಲಿ, ಧರ್ಮಪಾಠವನ್ನು ಜರ್ಮನ್ ಭಾಷೆಯಲ್ಲಿ ಒಪ್ಪಿಸಲಾರೆವೆಂದು ಹಟ ಹಿಡಿದ ಪೋಲಿಷ್ ಮಕ್ಕಳಿಗೆ ಉಪಾಧ್ಯಾಯರು ಬೆತ್ತದಿಂದ ಬಾರಿಸಿದರು. ಪ್ರತಿಭಟಿಸಿದ ತಾಯಿತಂದೆಗಳು ಸೆರೆಮನೆ ಕಂಡರು. ಶೆಂಕ್ಯೇವಿಚ್ ಅದನ್ನು ಬಹಿರಂಗವಾಗಿ ಖಂಡಿಸಿದನು. 1906ರಲ್ಲಿ ಜರ್ಮನ್ ಚಕ್ರವರ್ತಿ ಎರಡನೆಯ ವಿಲ್ಹೆಲ್ಮನಿಗೇ ಬಹಿರಂಗ ಪತ್ರ ಬರೆದನು. ಅಷ್ಟರಲ್ಲಿ, 1905ರಲ್ಲಿ, ನೊಬೆಲ್ ಪಾರಿತೋಷಕ ಬಂದು ಆತನ ಮಾತಿಗೆ ಲೋಕವೇ ಕಿವಿಗೊಡುತ್ತಿತ್ತು. ಬೆತ್ತ ಹಿಡಿದವರು ನಮ್ಮ ವೃತ್ತಿಯವರೇ ಎಂಬುದನ್ನು ಮಾತ್ರ ನಾವು ಮರೆಯಲಾಗದು.

ಇನ್ನು ಚಿತ್ರಕ್ಕೆ ಬರೋಣ. ನಿರ್ದೇಶಕ ಮರ್ವಿನ್ ಲೆರಾಯ್. ಲಿಗಿಯಾಳ ಪಾತ್ರದಲ್ಲಿ ಡೆಬೊರಾ ಕೆರ್ ಸಂಯಮದಿಂದ ನಟಿಸಿದ್ದಾಳೆ, ದೋಷ ಆಕೆಯದಲ್ಲ. ಆದರೆ ಪಾತ್ರಕ್ಕೆ ನಾಡೂ ಇಲ್ಲ, ನುಡಿಯೂ ಇಲ್ಲ. ಒತ್ತೆಯಾಳೆಂಬ ಮಾತು ಕಥೆಯನ್ನು ಮುಂದೂಡುವುದಕ್ಕಷ್ಟೆ ಉಪಯೋಗವಾಗಿದೆ. ಆಕೆಯನ್ನು ಕೊಂಬುಗಳಿಗೆ ಕಟ್ಟದೆ ದೂರದ ಕಂಬಕ್ಕೆ ಕಟ್ಟಿದ್ದಾರೆ. ಚಿತ್ರೀಕರಣದ ಕಷ್ಟ ಯಾರಿಗೂ ತಿಳಿಯುವಂಥದೇ. ಆದರೆ ಕೊಂಬಿನಿಂದ ಬಿಡಿಸಿಕೊಳ್ಳುವುದಕ್ಕೂ ಕಂಬದ ಮುಂದೆ ಕಾದಾಡುವುದಕ್ಕೂ ಅಜಗಜಾಂತರವಿದೆ. ಮೊದಲನೆಯದು ವಿಮೋಚನೆ, ಎರಡನೆಯದು ಕುಸ್ತಿ.

ಹಾಗೆಂದು ಈ ಚಿತ್ರದಲ್ಲಿ ಎರಡನೆಯ ಅರ್ಥವೇ ಇಲ್ಲವೆನ್ನುವುದು ಅನ್ಯಾಯ. ಪೋಲೆಂಡಿನ ಸ್ಥಾನದಲ್ಲಿ ಎರಡನೆಯ ಮಹಾಯುದ್ಧ ಬಂದು ಕುಳಿತಿದೆ. ಮೊದಲ ನಿರೂಪಣೆಯಲ್ಲಿಯೇ ವ್ಯಕ್ತಿಯು ಪ್ರಭುತ್ವದ ಕೈವಶವಾದ ಸಂಗತಿ ಬರುತ್ತದೆ. ನೀರೋ ತನ್ನ ಆಸ್ಥಾನಿಕರಿಗೆ ಹೊಸ ರೋಮಿನ ಮಾದರಿಯನ್ನು ತೋರಿಸುವ ಸನ್ನಿವೇಶವಿದೆ. ಆ ಮಾದರಿ ಚಿತ್ರಕ್ಕಾಗಿ ಮಾಡಿದ್ದಲ್ಲ. ಮುಸೊಲಿನಿಯು 1937ರಲ್ಲಿ ಆಗಸ್ಟಸನ ಹೆಸರಿನಲ್ಲಿ ನಡೆಸಿದ ಪ್ರದರ್ಶನಕ್ಕೆಂದು ಸಿದ್ಧವಾದದ್ದು. ಅದು ನೀರೋಗಿಂತ ಎರಡೂವರೆ ಶತಮಾನ ಈಚಿನ ಕಾನ್‌ಸ್ಟಂಟೈನನ ರೋಮ್ ಎಂಬ ಕಾಲದೋಷವನ್ನು ಎತ್ತಿ ಆಡುವುದು ಸುಲಭ. ಆದರೆ ಒಬ್ಬ ಸರ್ವಾಧಿಕಾರಿಯ ಆಟಿಕೆಯನ್ನು ಇನ್ನೊಬ್ಬನ ಕೈಗೆ ಕೊಟ್ಟುದರಲ್ಲಿ ಒಂದು ಔಚಿತ್ಯ ತಾನಾಗಿ ಒದಗಿಬಂದಿದೆ. ಚಿತ್ರೀಕರಣ ನಡೆದ ಚಿನೆಚಿತ್ತಾ ಕೂಡ ಮುಸೊಲಿನಿಯ ಕಾಲದ್ದೇ. ಯುದ್ಧಾನಂತರ ಅದರ ಕಟ್ಟಡಗಳಲ್ಲಿ ನೆಲೆ ತಪ್ಪಿದ ನಿರಾಶ್ರಿತರ ಶಿಬಿರವಿತ್ತು. ಮನೆಮಠ ಸುಟ್ಟುಹೋದ ಜನರ ಕಥೆಗೆ ಇದಕ್ಕಿಂತ ತಕ್ಕ ನೆಲ ಎಲ್ಲಿದೆ? ಸಂಸ್ಥೆ ಅಲ್ಲಿಗೆ ಹೋದುದಕ್ಕೆ, ಇಟಲಿಯಲ್ಲಿ ಗಳಿಸಿದ ಹಣವನ್ನು ಹೊರಗೆ ಒಯ್ಯಲು ಸರಕಾರ ಬಿಡದಿದ್ದುದೂ ಒಂದು ಕಾರಣ.

ಚಿತ್ರದ ಜೀವವಿರುವುದು ಪೀಟರ್ ಉಸ್ಟಿನೋವ್ ನಟಿಸಿದ ನೀರೋ ಮತ್ತು ಲಿಯೋ ಗೆನ್ ನಟಿಸಿದ ಪೆಟ್ರೋನಿಯಸ್, ಇವರಿಬ್ಬರಲ್ಲಿ. ನಾಯಕ ರಾಬರ್ಟ್ ಟೇಲರನು ಕವಚ ತೊಟ್ಟು ನಿಂತಿದ್ದಾನೆ, ಅಷ್ಟೆ. ಉಸ್ಟಿನೋವನ ನೀರೋ ಕ್ರೂರಿಗಿಂತ ಮೊದಲು ಕೆಟ್ಟ ಕವಿ. ಮೆಚ್ಚುಗೆಯ ಹಸಿವೇ ಅವನ ಕ್ರೌರ್ಯದ ಬೇರು. ಪೆಟ್ರೋನಿಯಸನು ಹೊಗಳಿಕೆಯಲ್ಲಿಯೇ ಹಾಸ್ಯವನ್ನು ಬೆರೆಸಿ ಬಡಿಸುತ್ತಾನೆ. ನಮ್ಮವರು ನಿಂದಾಸ್ತುತಿಯೆಂದದ್ದು ಇದನ್ನೇ. ಅವನು ನರ ಕತ್ತರಿಸಿಕೊಂಡು ಸಾಯುವ ಮೊದಲು ಬರೆದ ಪತ್ರದಲ್ಲಿ ದೊರೆಯ ಕೊಲೆಗಳಿಗಿಂತ ದೊರೆಯ ಪದ್ಯಗಳನ್ನು ಹೆಚ್ಚು ಹಳಿಯುತ್ತಾನೆ. ಗೆಳೆಯ ಸತ್ತನೆಂದು ಗಾಜಿನ ಕುಪ್ಪಿಯಲ್ಲಿ ಕಣ್ಣೀರು ಹಿಡಿದಿಟ್ಟ ನೀರೋ, ಪತ್ರ ಓದಿದೊಡನೆ ಕೆರಳಿ ಕೂಗಾಡುವ ದೃಶ್ಯ ಇಡೀ ಅಗ್ನಿಪ್ರಳಯಕ್ಕಿಂತ ಬೆಲೆಯುಳ್ಳದ್ದು. ಈ ಇಬ್ಬರೂ ಸೇರಿ ಎಂಟು ಆಸ್ಕರ್ ನಾಮನಿರ್ದೇಶನ ಪಡೆದ ಚಿತ್ರಕ್ಕೆ ಒಂದು ಪ್ರಶಸ್ತಿಯೂ ದಕ್ಕಲಿಲ್ಲ. ಮಿಕ್ಲೋಶ್ ರೋಜಾ ಹಳೆಯ ಗ್ರೀಕ್ ಸಂಗೀತದ ಅಳಿದುಳಿದ ತುಣುಕುಗಳನ್ನು ಹುಡುಕಿ, ಗೋರಿಕಲ್ಲಿನ ಮೇಲೆ ಕೆತ್ತಿದ ಸೆಯ್ಕಿಲೋಸನ ಹಾಡನ್ನು ಕೂಡ ಆಧರಿಸಿ, ರಾಗ ಕಟ್ಟಿದ ಶ್ರಮವೂ ಸ್ಮರಣೀಯ.

ಇತಿಹಾಸದ ಮಾತು ಬೇರೆ. ಕ್ರಿ.ಶ. 64ರ ಬೆಂಕಿಯನ್ನು ನೀರೋನೇ ಹಚ್ಚಿಸಿದನೆಂದು ಚಿತ್ರ ಸಂಶಯವಿಲ್ಲದೆ ಹೇಳುತ್ತದೆ. ಟ್ಯಾಸಿಟಸನಿಗೆ ಆ ನಿಶ್ಚಯವಿರಲಿಲ್ಲ. ಬೆಂಕಿ ಬಿದ್ದಾಗ ದೊರೆ ಆಂಟಿಯಮ್ಮಿನಲ್ಲಿದ್ದನೆಂದೂ, ಬಂದವನು ಮನೆ ಕಳೆದುಕೊಂಡವರಿಗೆ ತನ್ನ ಉದ್ಯಾನಗಳನ್ನು ಬಿಟ್ಟುಕೊಟ್ಟನೆಂದೂ ಆತನು ದಾಖಲಿಸಿದ್ದಾನೆ. ಟ್ರಾಯ್ ನಗರದ ನಾಶವನ್ನು ದೊರೆ ಹಾಡಿದನೆಂಬುದನ್ನು ವದಂತಿಯೆಂದೇ ಹೇಳಿದ್ದಾನೆ. ಬೆಂಕಿಯಾಗಿ ನಾಲ್ಕು ವರ್ಷಗಳ ಮೇಲೆ, 68ರಲ್ಲಿ, ಬಂದ ನೀರೋನ ಸಾವನ್ನು ಚಿತ್ರ ಕೆಲವೇ ದಿನಗಳ ಅಂತರಕ್ಕೆ ಎಳೆದು ತಂದಿದೆ. ನಾಟಕಕ್ಕೆ ಇಷ್ಟು ಸ್ವಾತಂತ್ರ್ಯ ಇರಲಿ. ಇನ್ನೊಂದನ್ನು ಮಾತ್ರ ಕ್ಷಮಿಸಲಾರೆ. ಕ್ರೈಸ್ತರ ಮೇಲೆ ಒಲವಿಲ್ಲದ ಟ್ಯಾಸಿಟಸನೇ ಬರೆಯುತ್ತಾನೆ: ಒಬ್ಬನ ಕ್ರೌರ್ಯಕ್ಕಾಗಿ ಇವರು ಸಾಯುತ್ತಿದ್ದಾರೆಂದು ನೋಡುವವರಲ್ಲಿ ಮರುಕ ಹುಟ್ಟಿತೆಂದು. ಚಿತ್ರದ ಜನರಿಗೆ ಮನಸ್ಸು ತಿರುಗಬೇಕಾದರೆ ಉರ್ಸುಸನ ತೋಳ್ಬಲವನ್ನು ನೋಡಬೇಕಾಯಿತು. ನಿರಾಯುಧರ ಸಾವು ಸಾಲಲಿಲ್ಲ.

ಹೆಸರಿನ ಸನ್ನಿವೇಶವನ್ನು ಒಂದೆರಡು ಮಾತಿನಲ್ಲಿ ಹೇಳಬಹುದು. ರೋಮಿನಿಂದ ಹೊರಟ ಪೀಟರನಿಗೆ ಆಪ್ಪಿಯನ್ ಹೆದ್ದಾರಿಯಲ್ಲಿ ಕ್ರಿಸ್ತನ ದರ್ಶನವಾಗಿ, ಎಲ್ಲಿಗೆ ಹೋಗುತ್ತಿರುವೆ ಸ್ವಾಮಿ ಎಂದು ಆತನು ಕೇಳುವುದು ಹಳೆಯ ಐತಿಹ್ಯ. ಚಿತ್ರದಲ್ಲಿ ಉತ್ತರ ಬರುವುದು ಜೊತೆಗಿದ್ದ ಹುಡುಗನ ಬಾಯಿಂದ. ಈ ಒಂದೆಡೆಯಲ್ಲಿ ಲೆರಾಯ್ ತೋರಿಸುವುದನ್ನು ಬಿಟ್ಟು ಸೂಚಿಸಿದ್ದಾನೆ. 2001ರಲ್ಲಿ ಯೆಜಿ ಕವಲೆರೋವಿಚ್ ಇದೇ ಕಾದಂಬರಿಯನ್ನು ಪೋಲಿಷ್ ಭಾಷೆಯಲ್ಲಿಯೇ ಚಿತ್ರವಾಗಿಸಿದನು. ಅದರ ಕೊನೆಯಲ್ಲಿ ಮುದುಕ ಪೀಟರನು ಹಿಂದಿರುಗಿ ನಡೆಯುವುದು ಇಂದಿನ ರೋಮಿನ ಕಡೆಗೆ.